ಜೇನು ಇಳಿಸೋರು ಯಾರು? ಒಂದು ವನ್ ಧನ್ ಕೇಂದ್ರದ ಮೂರು ವರ್ಷ

ಪೋಡಿನ (ಪೋಡು ಅಂದರೆ ಸೋಲಿಗ ಬುಡಕಟ್ಟಿನವರ ಊರು) ಸಮುದಾಯ ಭವನದ ಮೂಲೆಯಲ್ಲಿ ಒಂದು ಸ್ಟೀಲ್ ಯಂತ್ರ ಇದೆ. ಜೇನುತುಪ್ಪದ ನೀರಿನಂಶ ಇಳಿಸುವ ಯಂತ್ರ. ಅದರ ಪ್ಲಾಸ್ಟಿಕ್ ಹೊದಿಕೆ ಬಿಚ್ಚಲು ನಮಗೆ ಹತ್ತು ತಿಂಗಳು ಹಿಡಿಯಿತು. ಬಿಚ್ಚಿದ್ದೂ ಯಂತ್ರ ಓಡಿಸಲು ಅಲ್ಲ. ನೆಲ್ಲಿಕಾಯಿ ಹೋಳು ಹರವಲು ಟಾರ್ಪಾಲ್ ಸಾಲದೆ ಬಂದಾಗ ಒಬ್ಬ ಅಕ್ಕ ಹೋಗಿ ಆ ಹೊದಿಕೆಯನ್ನೇ ಎಳೆದುಕೊಂಡು ಬಂದರು.

ಕಾಡಿನ ಉತ್ಪನ್ನವನ್ನು ಸಂಸ್ಕರಿಸಿ ಮಾರಲು ಸರ್ಕಾರ ದುಡ್ಡು ಕೊಡುವ ವನ್ ಧನ್ ಯೋಜನೆಯಲ್ಲಿ ಆ ಯಂತ್ರ ಬೇಕು ಎಂದು ಯೋಜನಾ ವರದಿ ಬರೆದವಳು ನಾನೇ, ಇಲ್ಲಿನ ಹೆಂಗಸರ ಸಂಘದ ಜೊತೆ ಕೆಲಸ ಮಾಡುವ ಸಂಸ್ಥೆಯವಳು. ಆದ್ದರಿಂದ ಈ ಪ್ರಕರಣವನ್ನು ದೂರದಲ್ಲಿ ನಿಂತು ಹೇಳಲು ಆಗುವುದಿಲ್ಲ. ಪೋಡಿನ ಹೆಸರು, ಸಂಘದ ಹೆಸರು, ಕಚೇರಿಗಳ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ, ಲೆಕ್ಕದ ಅಂಕಿಗಳನ್ನು ದುಂಡು ಮಾಡಿದ್ದೇನೆ. ಚಾಮರಾಜನಗರ ಜಿಲ್ಲೆಯ ಒಂದು ಸೋಲಿಗರ ಪೋಡು, ಅಷ್ಟು ಸಾಕು. ಯಾವ ಬೆಟ್ಟ ಎಂದು ಊಹಿಸುವ ಕೆಲಸ ಬೇಡ.

ಹಿನ್ನೆಲೆ

ಈ ಪೋಡಿನಲ್ಲಿ ಎಪ್ಪತ್ತು ಚಿಲ್ಲರೆ ಮನೆ. ಮನೆ ಹಿಂದೆ ಸ್ವಲ್ಪ ರಾಗಿ, ಅವರೆ, ಕೆಲವರಿಗೆ ನಾಲ್ಕಾರು ಕಾಫಿ ಗಿಡ. ಉಳಿದದ್ದು ಕೂಲಿ ಮತ್ತು ಕಾಡು. ನವೆಂಬರ್‌ನಿಂದ ಫೆಬ್ರುವರಿವರೆಗೆ ನೆಲ್ಲಿಕಾಯಿ. ಅದರ ಬೆನ್ನಿಗೆ ಸೀಗೆಕಾಯಿ, ಅಂಟುವಾಳ. ಬೇಸಿಗೆಯಲ್ಲಿ ಹೆಜ್ಜೇನು. ನಡುನಡುವೆ ಕಲ್ಲುಹೂವು, ಪೊರಕೆ ಕಡ್ಡಿ.

ಕಾಡಿನ ಮೇಲಿನ ಹಕ್ಕಿನ ಕಥೆ ಉದ್ದ. ಬಿಳಿಗಿರಿರಂಗನ ಬೆಟ್ಟದ ಅಭಯಾರಣ್ಯದಲ್ಲಿ 2006ರಿಂದ ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದನ್ನು ನಿಲ್ಲಿಸಿದ್ದರು. ಅದೇ 2006ರ ಕೊನೆಯಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಬಂತು. ಕಿರು ಅರಣ್ಯ ಉತ್ಪನ್ನದ ಮೇಲೆ ಒಡೆತನ, ಅದನ್ನು ಸಂಗ್ರಹಿಸುವ ಮತ್ತು ಮಾರುವ ಹಕ್ಕು ಕಾಡಿನಲ್ಲಿ ಬದುಕುವವರದು ಎಂದು ಅದರ ಮೂರನೇ ಸೆಕ್ಷನ್ ಹೇಳುತ್ತದೆ. 2011ರಲ್ಲಿ ಆ ಬೆಟ್ಟದ ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ನಮ್ಮ ಪ್ರಕರಣದ ಪೋಡಿಗೂ ಸಮುದಾಯ ಹಕ್ಕುಪತ್ರ ಇದೆ. ಗ್ರಾಮಸಭೆಯ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಭದ್ರವಾಗಿದ್ದದ್ದೇ ಒಂದು ತೊಂದರೆ, ಅದು ಆಮೇಲೆ ಬರುತ್ತದೆ.

ಕಾಯಿ ಕೊಳ್ಳುವವರು ಇಬ್ಬರು. ಒಂದು ಲ್ಯಾಂಪ್ಸ್ ಸೊಸೈಟಿ, ಅಂದರೆ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘ. ಇನ್ನೊಬ್ಬರು ಸಂತೆಪೇಟೆಯ ವ್ಯಾಪಾರಿ. ಸೊಸೈಟಿಯ ತೂಕ ಸರಿ, ದುಡ್ಡು ತಡ. ವ್ಯಾಪಾರಿಯ ತೂಕದ ಬಗ್ಗೆ ಹೇಳುವುದು ಬೇಡ, ಆದರೆ ದುಡ್ಡು ಮುಂಚೆಯೇ. ಎಷ್ಟು ಮುಂಚೆ ಎಂದರೆ ಕಾಯಿ ಬಲಿಯುವ ಬಹಳ ಮೊದಲೇ. ಈ 'ಮುಂಚೆ' ಎನ್ನುವ ಪದ ಇಡೀ ಪ್ರಕರಣದ ಬೀಗದ ಕೈ. ಅದು ನನಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ.

ಫೆಬ್ರುವರಿಯಲ್ಲಿ ಬಂದ ದುಡ್ಡು

ವನ್ ಧನ್ ಯೋಜನೆ 2018ರ ಏಪ್ರಿಲ್ 14ರಂದು ಛತ್ತೀಸ್‌ಗಢದ ಬಿಜಾಪುರದಲ್ಲಿ ಶುರುವಾಯಿತು. ಬುಡಕಟ್ಟು ಜನ ಕಾಡಿನ ಉತ್ಪನ್ನವನ್ನು ಹಸಿಯಾಗಿ ಮಾರುವ ಬದಲು ಒಣಗಿಸಿ, ಸಂಸ್ಕರಿಸಿ, ಪ್ಯಾಕ್ ಮಾಡಿ ಮಾರಲಿ ಎನ್ನುವುದು ಅದರ ಉದ್ದೇಶ. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ದುಡ್ಡು, ಬುಡಕಟ್ಟು ಜನರ ಉತ್ಪನ್ನ ಮಾರಾಟಕ್ಕೆ ಇರುವ ಸಹಕಾರ ಒಕ್ಕೂಟ ಟ್ರೈಫೆಡ್ ಮೂಲಕ ರಾಜ್ಯಕ್ಕೆ, ಅಲ್ಲಿಂದ ಜಿಲ್ಲೆಗೆ. ಇಪ್ಪತ್ತು ಜನರ 15 ಸ್ವಸಹಾಯ ಸಂಘ ಸೇರಿದರೆ 300 ಸದಸ್ಯರ ಒಂದು ಕೇಂದ್ರ. ಒಂದು ಕೇಂದ್ರಕ್ಕೆ 15 ಲಕ್ಷ ರೂಪಾಯಿ. ಭಾಗಿಸಿದರೆ ತಲೆಗೆ 5,000.

ಯೋಜನೆ ಬರೀ ಹೆಂಗಸರಿಗೆ ಎಂದೇನೂ ಇಲ್ಲ. ಆದರೆ ನಮ್ಮ ಕಡೆ ಸಂಘ ಅಂದರೆ ಹೆಂಗಸರ ಸಂಘವೇ. ಹಾಗಾಗಿ ಕಡತದ ಮೇಲೆ 'ಬುಡಕಟ್ಟು ಮಹಿಳೆಯರ ಆರ್ಥಿಕ ಸಬಲೀಕರಣ' ಎಂದೇ ಬರೆದೆವು. ಓದಲು ಚೆನ್ನಾಗಿತ್ತು. 300 ಜನ ತುಂಬಿಸಲು ಸುತ್ತಲಿನ ಹತ್ತಾರು ಪೋಡುಗಳ ಸಂಘಗಳನ್ನು ಸೇರಿಸಿದೆವು. ಕೆಲವು ಪೋಡಿನಿಂದ ಕೇಂದ್ರಕ್ಕೆ ಬರಲು ಎರಡು ಬಸ್ ಬದಲಾಯಿಸಬೇಕು, ನಡುವೆ ಆನೆ ದಾಟುವ ದಾರಿ. ಅವರು ಬಂದು ಕಾಯಿ ಬಿಡಿಸುತ್ತಾರೆ ಎಂದು ಯಾರೂ ನಂಬಿರಲಿಲ್ಲ. ಆದರೂ ಹೆಸರು ಬರೆದುಕೊಂಡೆವು.

ಮೊದಲ ಕಂತು 7.5 ಲಕ್ಷ. ಬಂದದ್ದು ಫೆಬ್ರುವರಿ ಮೂರನೇ ವಾರ. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಿ, ಇಲ್ಲದಿದ್ದರೆ ಎರಡನೇ ಕಂತು ಕಷ್ಟ ಎಂದು ಕಚೇರಿಯಿಂದ ಫೋನ್ ಬಂತು.

ಇಲ್ಲೇ ಮೊದಲ ತಿರುವು. ಫೆಬ್ರುವರಿ ಕೊನೆಗೆ ನೆಲ್ಲಿಕಾಯಿ ಮುಗಿದಿರುತ್ತದೆ. ಮುಂದೆ ಬರುವುದು ಜೇನು. ಅಷ್ಟು ದೊಡ್ಡ ಮೊತ್ತವನ್ನು ಐದು ವಾರದಲ್ಲಿ ನಿಯಮದಂತೆ ಖರ್ಚು ಮಾಡಬೇಕಾದರೆ ಸುಲಭದ ದಾರಿ ಯಂತ್ರ. ಮೂರು ಕೊಟೇಶನ್ ತಂದರೆ ಮುಗಿಯಿತು. ಸಣ್ಣಸಣ್ಣದಾಗಿ ಕಾಯಿ ಕೊಂಡರೆ ನೂರಾರು ವೋಚರ್. ಯಾರಿಗೆ ಬೇಕು ಆ ತಲೆನೋವು? ಜೇನು ಯಂತ್ರ, ಸೋಸುವ ತೊಟ್ಟಿ, ಬಾಟಲಿ, ಲೇಬಲ್ ಸೇರಿ 5.1 ಲಕ್ಷ. ತರಬೇತಿಗೆ 60 ಸಾವಿರ. ನಾವು ಯೋಚಿಸಿ ಆರಿಸಿದೆವು ಎಂದು ಆಗ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆರಿಸಿದ್ದು ಕ್ಯಾಲೆಂಡರ್.

ಯಂತ್ರದ ಪರವಾಗಿ ಒಂದು ಮಾತು ಹೇಳಲೇಬೇಕು. ಕಾಡುಜೇನಿನಲ್ಲಿ ನೀರಿನಂಶ ಜಾಸ್ತಿ. ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಅದು ಶೇಕಡ 20 ಮೀರಬಾರದು. ಮೀರಿದರೆ ತುಪ್ಪ ಹುಳಿ ಬರುತ್ತದೆ, ನೊರೆ ಏಳುತ್ತದೆ. ಹಾಗಾಗಿ ಯಂತ್ರ ಬೇಕು ಎನ್ನುವ ತರ್ಕ ತಪ್ಪಲ್ಲ. ನಾವು ಕೇಳದೆ ಬಿಟ್ಟದ್ದು ಬೇರೆ ಪ್ರಶ್ನೆ.

ಖರೀದಿ ಸಭೆಯಲ್ಲಿ ಆ ಪ್ರಶ್ನೆಯನ್ನು ಒಬ್ಬರು ಕೇಳಿದ್ದರು. ಅರವತ್ತು ದಾಟಿದವರು, ಎಲ್ಲರಿಗೂ ದೊಡ್ಡವ್ವ. ಎಲ್ಲ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸುವ ಹೊತ್ತಿಗೆ ಅವರು ಅಂದರು: "ಜೇನು ಇಳ್ಸೋರು ಯಾರವ್ವಾ? ಗಂಡಸ್ರು. ದುಡ್ಡು ಬಂದಿರೋದು ಯಾರ ಹೆಸ್ರಲ್ಲಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಡಾವಳಿ ಪುಸ್ತಕದಲ್ಲಿ ಆ ಮಾತು ಇಲ್ಲ. 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದಷ್ಟೇ ಇದೆ.

ಮೊದಲ ಬೇಸಿಗೆ

ಯಂತ್ರ ಮಾರ್ಚ್ 26ಕ್ಕೆ ಬಂತು. ಫೋಟೋ ತೆಗೆದೆವು, ಪ್ರಮಾಣಪತ್ರ ಕಳಿಸಿದೆವು. ಏಪ್ರಿಲ್‌ನಲ್ಲಿ ಕಂಪನಿಯ ಹುಡುಗ ಜೋಡಿಸಲು ಬಂದವನು ಗೋಡೆ ಕಡೆ ನೋಡಿ, "ತ್ರೀ ಫೇಸ್ ಎಲ್ಲಿ?" ಅಂದ. ಪೋಡಿಗೆ ಇರುವುದು ಸಿಂಗಲ್ ಫೇಸ್. ಹೊಸ ಲೈನ್ ಎಳೆಯಬೇಕಾದರೆ ಕಂಬ ಕಾಡಿನೊಳಗೆ ಬರಬೇಕು, ಅದಕ್ಕೆ ಬೇರೆ ಇಲಾಖೆಯ ಒಪ್ಪಿಗೆ. ಅರ್ಜಿ ಕೊಟ್ಟೆವು. ಅದು ಇನ್ನೂ ಪರಿಶೀಲನೆಯಲ್ಲಿದೆ.

ಕರೆಂಟು ಇದ್ದಿದ್ದರೂ ಜೇನು ಇರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಕಾಡುಜೇನಿನ ಬೆಂಬಲ ಬೆಲೆಯನ್ನು ಕಿಲೋಗೆ 195ರಿಂದ 225 ರೂಪಾಯಿಗೆ ಏರಿಸಿತ್ತು. ನಾವು 240 ಕೊಡುತ್ತೇವೆ ಎಂದೆವು. ವ್ಯಾಪಾರಿ ಕೊಡುತ್ತಿದ್ದದ್ದು 180. ಆದರೂ ತುಪ್ಪ ಹೋದದ್ದು ವ್ಯಾಪಾರಿಗೆ. ಜೇನು ಕೊಯ್ಯುವ ಗಂಡಸರು ಹಿಂದಿನ ಮಳೆಗಾಲದಲ್ಲೇ ಅವನಿಂದ ಮುಂಗಡ ತೆಗೆದುಕೊಂಡಿದ್ದರು. ಒಬ್ಬ ಅಣ್ಣ ನೇರವಾಗಿ ಹೇಳಿದರು: "ನಿಮ್ಮ 240 ಈಗ ಕೊಡ್ತೀರಿ ಮೇಡಂ. ಅವನು ಜುಲೈಲಿ ಅಕ್ಕಿ ಕೊಟ್ಟವ್ನೆ."

ಹೇಗೋ 90 ಕಿಲೋ ಸಿಕ್ಕಿತು. ಸೋಸಿ, ಯಂತ್ರಕ್ಕೆ ಹಾಕದೆ ಬಾಟಲಿಗೆ ತುಂಬಿ, ಮೈಸೂರಿನ ಒಂದು ಮಾರಾಟ ಮೇಳಕ್ಕೆ ಒಯ್ದೆವು. ಮೂರನೇ ದಿನ ಬಿಸಿಲಿಗೆ ಮುಚ್ಚಳಗಳು ಉಬ್ಬಿದವು. ಒಂದು ಬಾಟಲಿ ಗಿರಾಕಿಯ ಕೈಯಲ್ಲೇ ಬುಸ್ ಎಂದಿತು. ಅರ್ಧ ವಾಪಸ್ ತಂದೆವು. ನಾಲ್ಕು ಜನ ಹೆಂಗಸರು ಐದು ದಿನ ಮನೆ ಬಿಟ್ಟು ಬಂದಿದ್ದರು. ಅವರಿಗೆ ಸಿಕ್ಕಿದ್ದು ಬಸ್ ಚಾರ್ಜು ಮತ್ತು ಊಟ. ಸೋಸಿದ್ದಕ್ಕೆ, ಬಾಟಲಿ ತೊಳೆದದ್ದಕ್ಕೆ ಕೂಲಿ ಇಲ್ಲ. ಲಾಭ ಬಂದಮೇಲೆ ಹಂಚೋಣ ಎಂದು ಸಭೆಯಲ್ಲಿ ಬರೆದಿತ್ತಲ್ಲ. ಲಾಭ ಬರಲಿಲ್ಲ.

ಆ ವರ್ಷದ ಲೆಕ್ಕ ಮಾಡಿದಾಗ ಕೇಂದ್ರದಿಂದ ಅತಿ ಹೆಚ್ಚು ದುಡ್ಡು ಕಂಡವರು ಜೇನು ಮಾರಿದ ಹನ್ನೊಂದು ಗಂಡಸರು. ಹೆಂಗಸರ ಹೆಸರಿನ ಯೋಜನೆಯಲ್ಲಿ ಹೆಂಗಸರ ಪಾಲು ಸೊನ್ನೆಗೆ ಹತ್ತಿರ. ಗಂಡಸರ ಮೇಲೆ ತಪ್ಪು ಹೊರಿಸುತ್ತಿಲ್ಲ. ರಾತ್ರಿ ಹೊಗೆ ಹಿಡಿದು ಮರ ಹತ್ತುವವರು ಅವರು, ಜೀವ ಪಣಕ್ಕಿಟ್ಟು. ನಾವು ಆರಿಸಿದ ಉತ್ಪನ್ನವೇ ಅವರದು, ಅಷ್ಟೆ.

ಅಂಟುವಾಳದ ಬೀಜದ ಲೆಕ್ಕ

ಮಳೆಗಾಲದಲ್ಲಿ ಸಂಘ ಒಡೆಯುವ ಹಾಗಾಯಿತು. ಉಳಿತಾಯದ ದುಡ್ಡು ವಾಪಸ್ ಕೊಡಿ ಎಂದು ಎಂಟು ಜನ ಕೇಳಿದರು. ಆಗ ಇನ್ನೊಂದು ತರಬೇತಿ ಇಡೋಣ ಎಂದು ಹೊರಟಿದ್ದವಳು ನಾನು. ಪಿಯುಸಿ ಮುಗಿಸಿ ಲೆಕ್ಕ ಬರೆಯುತ್ತಿದ್ದ ಹುಡುಗಿ ತಡೆದಳು. "ತರಬೇತಿ ಬೇಡ ಅಕ್ಕ. ದೊಡ್ಡವ್ವ ಕೇಳಿದ್ರಲ್ಲ, ಅದನ್ನೇ ಲೆಕ್ಕ ಹಾಕೋಣ" ಅಂದಳು.

ಒಂದು ಭಾನುವಾರ ಭವನದಲ್ಲಿ ಕೂತೆವು. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಹನ್ನೆರಡು ಮನೆ ಬರೆದೆವು, ತಿಂಗಳಿಗೊಂದು. ಪ್ರತಿ ಉತ್ಪನ್ನಕ್ಕೂ ಎಷ್ಟು ದಿನ ಹೆಂಗಸರ ಕೆಲಸ, ಎಷ್ಟು ದಿನ ಗಂಡಸರ ಕೆಲಸ ಎಂದು ಬೀಜ ಇಡುವುದು. ಹೆಂಗಸರದಕ್ಕೆ ಅಂಟುವಾಳದ ಕರಿ ಬೀಜ, ಗಂಡಸರದಕ್ಕೆ ಅವರೆಕಾಳು. ಆಟದ ಹಾಗೆ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಜೋರು ಜಗಳವಾಯಿತು. ಒಳ್ಳೆಯ ಜಗಳ.

ಜೇನಿನ ಮನೆಯಲ್ಲಿ ಬರೀ ಅವರೆಕಾಳು. ನೆಲ್ಲಿಯಲ್ಲಿ ಎರಡೂ ಇತ್ತು. ಮರ ಹತ್ತಿ ಅಲ್ಲಾಡಿಸುವುದು ಹುಡುಗರು. ಆಯುವುದು, ಹೊರುವುದು, ಬಿಡಿಸುವುದು ಹೆಂಗಸರು. ಸೀಗೆ, ಅಂಟುವಾಳ, ಪೊರಕೆಯಲ್ಲಿ ಹೆಚ್ಚೂಕಡಿಮೆ ಕರಿ ಬೀಜವೇ. ಅದಾದ ಮೇಲೆ ದೊಡ್ಡವ್ವ ಇನ್ನೊಂದು ಕೆಲಸ ಮಾಡಿದರು. ಒಂದು ಹಿಡಿ ಸಣ್ಣ ಕಲ್ಲು ತಂದು ಜೂನ್, ಜುಲೈ, ಆಗಸ್ಟ್ ಮನೆಗಳಿಗೆ ಸುರಿದರು. ಏನು ಇದು ಎಂದರೆ, "ಸಾಲ" ಅಂದರು. ಆ ಮೂರು ತಿಂಗಳು ಕಾಡಿಗೆ ಹೋಗಲಾಗದು, ಕೂಲಿ ಕಡಿಮೆ, ಮಕ್ಕಳ ಶಾಲೆ ಖರ್ಚು ಬೇರೆ. ವ್ಯಾಪಾರಿಯ ಮುಂಗಡ ಬರುವುದು ಆಗಲೇ.

ನನ್ನ ಯೋಜನಾ ವರದಿಯಲ್ಲಿ 34 ಪುಟ ಇತ್ತು. ಮಳೆಗಾಲದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆವತ್ತು ಮೂರು ತೀರ್ಮಾನ ಆಯಿತು. ಜೇನು ಬಿಟ್ಟು ನೆಲ್ಲಿ, ಸೀಗೆ, ಅಂಟುವಾಳ ಹಿಡಿಯುವುದು. ಕಾಯಿಗೆ ಬೇರೆ, ಬಿಡಿಸುವ ಕೆಲಸಕ್ಕೆ ಬೇರೆ ದುಡ್ಡು ಕೊಡುವುದು, ಅದೂ ಆ ವಾರವೇ. ಇನ್ನು ಮೂರನೆಯದು ನನಗೆ ಸ್ವಲ್ಪ ಚುಚ್ಚಿತು: ಚೆಕ್ ಪುಸ್ತಕ ನಮ್ಮ ಸಂಸ್ಥೆಯ ಡ್ರಾಯರ್‌ನಿಂದ ಪೋಡಿಗೆ ಬರಬೇಕು. ಕಳೆದುಹೋಗಬಾರದು ಎಂದು ನಾವೇ ಇಟ್ಟುಕೊಂಡಿದ್ದೆವು. ಸಹಿ ಅವರದು, ಕೀಲಿಕೈ ನಮ್ಮದು. ಅದರಲ್ಲಿ ಏನೋ ತಪ್ಪಿದೆ ಎಂದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಬಾಬತ್ತು ಬದಲಾವಣೆ

ಎರಡನೇ ಕಂತು ಬರಬೇಕಿತ್ತು. ಅದರಲ್ಲಿ ಮತ್ತೆ ಯಂತ್ರಕ್ಕೆ, ಪ್ಯಾಕಿಂಗ್ ಸಾಮಾನಿಗೆ ಎಂದು ನಾವೇ ಬರೆದುಕೊಟ್ಟಿದ್ದೆವು. ಈಗ ಅದನ್ನು ದುಡಿಯುವ ಬಂಡವಾಳಕ್ಕೆ ತಿರುಗಿಸಬೇಕು. ಮೊದಲು ಹೋದಾಗ ಸಿಕ್ಕ ಉತ್ತರ: ಮಂಜೂರಾದಂತೆ ಖರ್ಚು ಮಾಡಿ, ಇಲ್ಲವೇ ಹಿಂತಿರುಗಿಸಿ. ಎರಡನೇ ಸಲ ನಾನು ಹೋಗಲಿಲ್ಲ. ಅಧ್ಯಕ್ಷೆ, ಲೆಕ್ಕದ ಹುಡುಗಿ, ದೊಡ್ಡವ್ವ ಹೋದರು. ಬೀಜದ ಲೆಕ್ಕವನ್ನು ಹಾಳೆಗೆ ಇಳಿಸಿಕೊಂಡು ಹೋಗಿದ್ದರು.

ಆಗಿದ್ದ ಅಧಿಕಾರಿ ಅದನ್ನು ಅರ್ಧ ಗಂಟೆ ನೋಡಿದರಂತೆ. ನಿಯಮ ಮುರಿಯದೆ ದಾರಿ ಹುಡುಕಿದರು. ಸದಸ್ಯರ ಸಭೆಯ ನಡಾವಳಿ, ಪರಿಷ್ಕೃತ ವರದಿ, ಜಿಲ್ಲಾ ಸಮಿತಿಯ ಒಪ್ಪಿಗೆ. ಐದು ತಿಂಗಳು ಹಿಡಿಯಿತು. ದುಡ್ಡು ಬಂದಾಗ ಡಿಸೆಂಬರ್, ನೆಲ್ಲಿ ಮರದಲ್ಲೇ ಇತ್ತು. ಇಂಥ ಅಧಿಕಾರಿ ಸಿಕ್ಕಿದ್ದು ಅದೃಷ್ಟ, ಮುಂದಿನ ಜೂನ್‌ಗೆ ವರ್ಗವಾದರು. ಈ ಪ್ರಕರಣ ನೋಡಿ ಬೇರೆ ಕಡೆ ಇದನ್ನೇ ಮಾಡಬಹುದು ಅಂದುಕೊಳ್ಳುವವರು ಈ ಅದೃಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟಾರ್ಪಾಲ್, ಬಿದಿರಿನ ಅಟ್ಟ, ದೊಡ್ಡ ಪಾತ್ರೆ, ಎಲೆಕ್ಟ್ರಾನಿಕ್ ತಕ್ಕಡಿ. ಒಟ್ಟು 70 ಸಾವಿರ. ತಕ್ಕಡಿಯನ್ನು ಎಲ್ಲರಿಗೂ ಅಂಕಿ ಕಾಣುವ ಹಾಗೆ ಬಾಗಿಲ ಬಳಿ ಇಟ್ಟೆವು. ಉಳಿದದ್ದು ಕೊಳ್ಳುವ ಬಂಡವಾಳ.

ಲೆಕ್ಕ ಹೀಗಿತ್ತು. ಹತ್ತು ಕಿಲೋ ಹಸಿ ನೆಲ್ಲಿಕಾಯಿಯನ್ನು ವ್ಯಾಪಾರಿ 120 ರೂಪಾಯಿಗೆ ಕೊಳ್ಳುತ್ತಿದ್ದ. ಕೇಂದ್ರ 160 ಕೊಟ್ಟಿತು. ಬಿಸಿನೀರಿಗೆ ಹಾಕಿ, ಹೋಳು ಬಿಡಿಸಿ, ಉಪ್ಪು ಹಚ್ಚಿ ಒಣಗಿಸುವ ಕೆಲಸಕ್ಕೆ ಇನ್ನು 80. ಒಣಗಿದ ಮೇಲೆ ಹತ್ತು ಕಿಲೋ ಒಂದೂವರೆ ಕಿಲೋಗೆ ಇಳಿಯುತ್ತದೆ. ಬೆಂಗಳೂರಿನ ಒಂದು ಅಂಗಡಿಯವರು ಕಿಲೋಗೆ 220ರಂತೆ ಕೊಂಡರು, ಅಂದರೆ 330. ಹೆಂಗಸರ ಕೈಗೆ 240 ಹೋಗಿ, ಉಪ್ಪು, ಚೀಲ, ಗಾಡಿ ಬಾಡಿಗೆ ಮತ್ತು ಆಪದ್ಧನಕ್ಕೆ 90 ಉಳಿಯಿತು.

ಕಾಯಿ ಕೀಳುವ ಬಗ್ಗೆ ಗ್ರಾಮಸಭೆ ತನ್ನದೇ ಕಟ್ಟುಪಾಡು ಮಾಡಿತು. ಕೊಂಬೆ ಕಡಿಯುವಂತಿಲ್ಲ. ತುದಿಯ ಕಾಯಿ ಪ್ರಾಣಿಗಳಿಗೆ. ನೆಲ್ಲಿ ಮರ ಒಣಗಿಸುವ ಬದನಿಕೆಯನ್ನು ಸೋಲಿಗರು ಉಪ್ಪಿಲು ಅನ್ನುತ್ತಾರೆ. ಅದು ಕಂಡರೆ ತೆಗೆದು ಬರಬೇಕು.

ಚೆಕ್‌ಪೋಸ್ಟ್

ಜನವರಿ ಎರಡನೇ ವಾರ 140 ಕಿಲೋ ಒಣ ನೆಲ್ಲಿ ತುಂಬಿದ ಗಾಡಿಯನ್ನು ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದರು. ರಹದಾರಿ ಪತ್ರ ಎಲ್ಲಿ? ಡ್ರೈವರ್ ಬಳಿ ಬಿಲ್ ಮಾತ್ರ ಇತ್ತು. ಮಧ್ಯಾಹ್ನದಿಂದ ರಾತ್ರಿವರೆಗೆ ಗಾಡಿ ಅಲ್ಲೇ. ನಾನು ಫೋನ್ ಮೇಲೆ ಫೋನ್ ಮಾಡಿ ದೊಡ್ಡವರಿಂದ ಹೇಳಿಸಿ ಬಿಡಿಸಿದೆ. ಆವತ್ತಿಗೆ ಕೆಲಸ ಆಯಿತು. ಆದರೆ ಮುಂದಿನ ವಾರ ಮತ್ತೆ ನಾನೇ ಫೋನ್ ಮಾಡಬೇಕಲ್ಲ?

ಅರಣ್ಯ ಹಕ್ಕು ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕಿರು ಅರಣ್ಯ ಉತ್ಪನ್ನ ಸಾಗಿಸುವ ರಹದಾರಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದು. ಹಕ್ಕುಪತ್ರ ಸಿಕ್ಕಿ ಅಷ್ಟು ವರ್ಷವಾಗಿದ್ದರೂ ಈ ಪೋಡು ಒಂದು ರಹದಾರಿಯನ್ನೂ ಬರೆದಿರಲಿಲ್ಲ. ಹಕ್ಕುಪತ್ರ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು ಎಂದೆನಲ್ಲ, ಅದು ಇದೇ. ಗ್ರಾಮಸಭೆ ಕರೆದರು. ರಸೀದಿ ಪುಸ್ತಕದ ಹಾಗೆ ಮೂರು ಪ್ರತಿಯ ಪುಸ್ತಕ ಅಚ್ಚು ಹಾಕಿಸಿದರು. ಹಕ್ಕುಪತ್ರದ ಪ್ರತಿ, ನಿಯಮದ ಕನ್ನಡ ಸಾರ, ಎರಡಕ್ಕೂ ಲ್ಯಾಮಿನೇಷನ್.

ಮೊದಲ ಸಲ ಗಾರ್ಡ್ ಒಪ್ಪಲಿಲ್ಲ. "ಇದಕ್ಕೆ ನಮ್ಮ ಸೀಲ್ ಇಲ್ಲ" ಅಂದರು. ಗಾಡಿಯಲ್ಲಿ ಬಂದಿದ್ದ ಆರು ಹೆಂಗಸರು ಜಗಳ ಮಾಡಲಿಲ್ಲ, ಕೂಗಾಡಲಿಲ್ಲ. ಪಕ್ಕದ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಗಾರ್ಡ್‌ಗೂ ಒಂದು ಎಲೆ ಹಾಕಿದರು. ಸಂಜೆಗೆ ಮೇಲಿನಿಂದ ಫೋನ್ ಬಂತೋ, ಅವರಿಗೇ ಬೇಸರ ಬಂತೋ, ಗಾಡಿ ಬಿಟ್ಟರು. ಮೂರನೇ ಸಲದಿಂದ ಪ್ರತಿ ತೆಗೆದುಕೊಂಡು ಗೇಟ್ ಎತ್ತುತ್ತಿದ್ದರು. ಈ ಪ್ರಕರಣದಲ್ಲಿ ಸರ್ಕಾರದ ಒಂದು ರೂಪಾಯಿಯೂ ಖರ್ಚಾಗದೆ ಆದ ದೊಡ್ಡ ಬದಲಾವಣೆ ಇದು. ಪುಸ್ತಕದ ಅಚ್ಚಿಗೆ 900 ರೂಪಾಯಿ, ಅದನ್ನು ಗ್ರಾಮಸಭೆಯೇ ಕೊಟ್ಟಿತು.

ಕೈಗೆ ದುಡ್ಡು, ಖಾತೆಗೆ ದುಡ್ಡು

ಆಡಿಟ್‌ನವರ ತಕರಾರು ನಗದಿನ ಬಗ್ಗೆ. ಎಲ್ಲವನ್ನೂ ಖಾತೆಗೆ ಹಾಕಿ ಎಂದರು. ಅವರ ಮಾತಿನಲ್ಲಿ ನ್ಯಾಯ ಇದೆ. ಆದರೆ ಬ್ಯಾಂಕ್ ಇರುವುದು 28 ಕಿಲೋಮೀಟರ್ ದೂರ. 300 ರೂಪಾಯಿ ತೆಗೆಯಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಹೋಗಿ ಬರುವುದು ಗಂಡಸರು, ಎಟಿಎಂ ಕಾರ್ಡ್ ಅವರ ಜೇಬಿನಲ್ಲಿ. ಕೊನೆಗೆ ಒಂದು ಹೊಂದಾಣಿಕೆ ಆಯಿತು. ವಾರಕ್ಕೆ 500 ರೂಪಾಯಿವರೆಗೆ ನಗದು, ಸಂತೆಯ ಹಿಂದಿನ ದಿನ, ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿ. ಅದಕ್ಕಿಂತ ಹೆಚ್ಚಿನದು ಖಾತೆಗೆ. ನಗದು ಬೇಕು ಎಂದು ಪಟ್ಟು ಹಿಡಿದವರೇ ಖಾತೆಗೂ ಸ್ವಲ್ಪ ಇರಲಿ ಎಂದದ್ದು ನನಗೆ ಆಶ್ಚರ್ಯ. ಮನೆಯಲ್ಲಿ ಇಟ್ಟರೆ ಕೇಳುವವರು ಇದ್ದಾರೆ, ಅಲ್ವಾ.

ಮಳೆಗಾಲದ ಡಬ್ಬಿ

ಆ ಸೀಸನ್ನಿನಲ್ಲಿ ಒಟ್ಟು 2,200 ಕಿಲೋ ನೆಲ್ಲಿ ಕೊಂಡೆವು. 41 ಹೆಂಗಸರಿಗೆ ಸಿಕ್ಕಿದ್ದು 52,800 ರೂಪಾಯಿ. ಸರಾಸರಿ ತೆಗೆದರೆ ಒಬ್ಬರಿಗೆ 1,300 ಕೂಡ ಇಲ್ಲ. ಸೀಗೆ, ಅಂಟುವಾಳ, ಪೊರಕೆ ಸೇರಿ ವರ್ಷಕ್ಕೆ ಆರೂವರೆ ಸಾವಿರದ ಆಸುಪಾಸು. 2023ರಲ್ಲಿ ಬಂದ ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000, ವರ್ಷಕ್ಕೆ 24,000. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೇಂದ್ರದ ದುಡಿಮೆ ಸಣ್ಣದು. ವರದಿಗಳಲ್ಲಿ ನಾವು ಬಳಸುವ 'ಸ್ವಾವಲಂಬನೆ' ಎಂಬ ಪದ ಈ ಅಂಕಿಯ ಮುಂದೆ ದೊಡ್ಡದಾಯಿತು.

ಹಾಗಾದರೆ ಏನು ಬದಲಾಯಿತು? ಅದು ಕಂಡದ್ದು ಜುಲೈನಲ್ಲಿ. ಬಂಡವಾಳದಿಂದ 1.2 ಲಕ್ಷ ತೆಗೆದು ಹೆಂಗಸರು ಮಳೆಗಾಲದ ಮುಂಗಡ ಶುರು ಮಾಡಿದರು. ತಲೆಗೆ 2,000ದಿಂದ 3,000. ಬಡ್ಡಿ ನೂರಕ್ಕೆ ತಿಂಗಳಿಗೆ 50 ಪೈಸೆ. ತೀರಿಸುವುದು ನೆಲ್ಲಿ ಬಂದಮೇಲೆ, ದುಡ್ಡಿನಲ್ಲಿ. ಕಾಯಿಯನ್ನು ಕೇಂದ್ರಕ್ಕೇ ಕೊಡಬೇಕು ಎಂಬ ಷರತ್ತು ಇರಲಿ ಎಂದು ನಾನು ಹೇಳಿದೆ. ಅಧ್ಯಕ್ಷೆ ಒಪ್ಪಲಿಲ್ಲ. "ಹಂಗಾದ್ರೆ ನಾವೂ ಅವನ ಥರಾನೇ ಆಯ್ತೀವಿ ಕಣಕ್ಕ" ಅಂದರು. ಷರತ್ತು ಇಲ್ಲದೆಯೇ ಕೊಟ್ಟರು.

ಆ ನವೆಂಬರ್‌ನಲ್ಲಿ ವ್ಯಾಪಾರಿ ನೆಲ್ಲಿಕಾಯಿಗೆ 12 ರೂಪಾಯಿಯಿಂದ 17ಕ್ಕೆ ಏರಿದ. ಕೇಂದ್ರಕ್ಕೆ ಬಂದ ಕಾಯಿ ಹಿಂದಿನ ವರ್ಷಕ್ಕಿಂತ ಕಡಿಮೆ. ಯೋಜನೆಯ ಅಳತೆಯಲ್ಲಿ ಅದು ಹಿನ್ನಡೆ, ವಹಿವಾಟು ಇಳಿದಿದೆ. ಪೋಡಿನ ಅಳತೆಯಲ್ಲಿ? ಕೇಂದ್ರಕ್ಕೆ ಕಾಯಿ ಕೊಡದ ಮನೆಗೂ ಕಿಲೋಗೆ ಐದು ರೂಪಾಯಿ ಹೆಚ್ಚು ಸಿಕ್ಕಿತು. ಈ ಐದು ರೂಪಾಯಿಯನ್ನು ಬರೆಯಲು ತ್ರೈಮಾಸಿಕ ವರದಿಯಲ್ಲಿ ಒಂದು ಕಾಲಂ ಇಲ್ಲ. ಮುಂಗಡ ತೆಗೆದುಕೊಂಡ 38 ಜನರಲ್ಲಿ 33 ಮಂದಿ ಮಾರ್ಚ್ ಒಳಗೆ ಪೂರ್ತಿ ತೀರಿಸಿದರು. ಇಬ್ಬರದು ಕಾಯಿಲೆಯ ಖರ್ಚು, ಸಂಘವೇ ಗಡುವು ಮುಂದೂಡಿತು. ಮೂರು ಜನ ಕೊಟ್ಟಿಲ್ಲ. ಅದರಲ್ಲಿ ಒಬ್ಬರು ಪದಾಧಿಕಾರಿ. ಆ ವಿಷಯ ಪ್ರತಿ ಸಭೆಯಲ್ಲೂ ಬರುತ್ತದೆ, ಪ್ರತಿ ಸಭೆಯಲ್ಲೂ ಮುಂದಕ್ಕೆ ಹೋಗುತ್ತದೆ.

ದೂರದ ಪೋಡುಗಳ ಸಂಘಗಳಿಗೆ ಇದರಿಂದ ಏನೂ ಆಗಿಲ್ಲ. 300 ಹೆಸರಿನಲ್ಲಿ ಕೇಂದ್ರದ ಮುಖ ಕಂಡವರು ಎಪ್ಪತ್ತು ಜನ ಇರಬಹುದು. ಉಳಿದವರ ಪಾಲಿನ ತಲಾ 5,000ದಿಂದ ಈ ಪೋಡು ನಡೆಯಿತು ಎಂದರೂ ತಪ್ಪಲ್ಲ. ಇದನ್ನು ಹೇಗೆ ಸರಿಮಾಡುವುದು ಎಂದು ನಮಗೆ ಹೊಳೆದಿಲ್ಲ.

ಇಂಥ ಕೆಲಸದಲ್ಲಿರುವವರಿಗೆ

ಈಗ ಬೇರೆ ಪೋಡಿಗೆ ಅರ್ಜಿ ಬರೆಯಲು ಕೂತರೆ ನಾನು ಮೊದಲು ಕೇಳುವುದು 'ಏನು ತಯಾರಿಸುತ್ತೀರಿ' ಎಂದಲ್ಲ. ಯಾವ ತಿಂಗಳು ಕೈ ಬರಿದಾಗುತ್ತದೆ, ಆಗ ಯಾರ ಮನೆ ಬಾಗಿಲಿಗೆ ಹೋಗುತ್ತೀರಿ ಎಂದು. ಉತ್ಪನ್ನ ಆರಿಸುವ ಮುಂಚೆ ಬೀಜದ ಲೆಕ್ಕ. ಅದಕ್ಕೆ ಖರ್ಚಿಲ್ಲ, ಅರ್ಧ ದಿನ ಸಾಕು. ಮಂಜೂರಾತಿ ಫೆಬ್ರುವರಿಯಲ್ಲಿ ಬಂದರೆ ಯಂತ್ರದ ಕಡೆ ಕೈ ಹೋಗುತ್ತದೆ ಎಂದು ಮೊದಲೇ ಗೊತ್ತಿರಲಿ. ಯೋಜನಾ ವರದಿಯಲ್ಲೇ ಕೊಳ್ಳುವ ಬಂಡವಾಳದ ಬಾಬತ್ತನ್ನು ದೊಡ್ಡದಾಗಿ ಇಡಿ, ಆಮೇಲೆ ಬದಲಿಸುವುದು ಹರಸಾಹಸ. ಹಕ್ಕುಪತ್ರ ಇದ್ದರೆ ಮೊದಲ ಗಾಡಿ ಹೊರಡುವ ಮುಂಚೆ ರಹದಾರಿ ಪುಸ್ತಕ ಅಚ್ಚಾಗಲಿ. ಮತ್ತೆ, ಸಭೆಯಲ್ಲಿ ಯಾರಾದರೂ ಕೇಳಿದ ಪ್ರಶ್ನೆಗೆ ಎಲ್ಲರೂ ನಕ್ಕರೆ, ಆ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಿ.

ಮೂರನೇ ವರ್ಷದ ಕೊನೆಗೆ ಹೊಸ ಅಧಿಕಾರಿಯಿಂದ ಒಂದು ಪತ್ರ ಬಂತು. ಸರ್ಕಾರದ ಹಣದಿಂದ ಕೊಂಡ ಜೇನು ಸಂಸ್ಕರಣಾ ಯಂತ್ರ ಬಳಕೆಯಾಗದಿರಲು ಕಾರಣವೇನು, ಏಳು ದಿನದೊಳಗೆ ವಿವರಣೆ ಕೊಡಿ ಎಂದು. ನಾನು ಎರಡು ಪುಟದ ಉತ್ತರ ಬರೆದುಕೊಟ್ಟೆ. ಲೆಕ್ಕದ ಹುಡುಗಿ ಅದನ್ನು ಸಭೆಯಲ್ಲಿ ಓದಿದಳು. ಯಾರಿಗೂ ಹಿಡಿಸಲಿಲ್ಲ. ಅವರೇ ಹೇಳಿ ಬರೆಸಿದರು. ಕಚೇರಿಗೆ ಹೋದ ಪತ್ರದಲ್ಲಿ ಇದ್ದದ್ದು ನಾಲ್ಕು ಸಾಲು:

"ಯಂತ್ರಕ್ಕೆ ತ್ರೀ ಫೇಸ್ ಕರೆಂಟ್ ಬೇಕು, ಅರ್ಜಿ ಕೊಟ್ಟು ಮೂರು ವರ್ಷ ಆಗಿದೆ, ಪ್ರತಿ ಲಗತ್ತಿಸಿದೆ. ಜೇನು ನಮ್ಮ ಗಂಡಸರು ಇಳಿಸುತ್ತಾರೆ, ನಾವು ನೆಲ್ಲಿಕಾಯಿ ಮಾಡುತ್ತೇವೆ. ಯಂತ್ರವನ್ನು ತೆಗೆದುಕೊಂಡು ಹೋಗಿ ಬೇರೆ ಸಂಘಕ್ಕೆ ಕೊಟ್ಟರೆ ನಮ್ಮ ತಕರಾರು ಇಲ್ಲ. ಒಯ್ಯುವ ಮುಂಚೆ ತಿಳಿಸಿ, ಅದರ ಮೇಲೆ ನಮ್ಮ ತಕ್ಕಡಿ ಇಟ್ಟಿದ್ದೇವೆ."